ಫಿಕ್ ಓದಿದ ಮೇಲೆ ಏನು ಬರೆಯಬೇಕು?

"ಅಕ್ಕಾ, ಓದಿದೆ, ತುಂಬಾ ಇಷ್ಟ ಆಯ್ತು. ಆದ್ರೆ ಏನಂತ ಬರೀಲಿ? ತಪ್ಪುಗಳೂ ಇವೆ, ಹೇಳ್ಬೇಕಾ ಬೇಡ್ವಾ?"

ನಾನು ಷರ್ಲಾಕ್ ಹೋಮ್ಸ್ ಫ್ಯಾನ್ ಫಿಕ್ಷನ್ ಓದುತ್ತೇನೆ, ಆಗೊಮ್ಮೆ ಈಗೊಮ್ಮೆ ಬರೆಯುತ್ತೇನೆ ಅಂತ ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಫ್ಯಾನ್ ಫಿಕ್ಷನ್, ಚಿಕ್ಕದಾಗಿ ಫಿಕ್, ಅಂದರೆ ಇನ್ನೊಬ್ಬರ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆದು ಆನ್‌ಲೈನ್‌ನಲ್ಲಿ ಹಾಕುವ ಕಥೆ. ಹೊಗಳುವುದಕ್ಕೆ ಯಾರ ಅಪ್ಪಣೆಯೂ ಬೇಡ, ತಿದ್ದುವುದಕ್ಕೆ ಬೇಕು ಅಂತ ಹೇಳುತ್ತೇನೆ. ಈ ಬುದ್ಧಿ ನನಗೆ ಬಂದದ್ದು ಮುಖಭಂಗವಾದ ಮೇಲೆ.

ಹತ್ತು ವರ್ಷದ ಹಿಂದಿನ ಮಾತು. ಸ್ವಿಟ್ಜರ್ಲೆಂಡಿನ ಜಲಪಾತದಲ್ಲಿ ಹೋಮ್ಸ್ ಸತ್ತನೆಂದೇ ಎಲ್ಲರೂ ನಂಬಿದ್ದ ಮೂರು ವರ್ಷಗಳಿವೆಯಲ್ಲ, 1891ರಿಂದ 1894, ಅಷ್ಟು ದಿನ ಅವನ ಗೆಳೆಯ ವ್ಯಾಟ್ಸನ್ ಹೇಗೆ ಕಳೆದ ಎಂದು ಒಬ್ಬರು ಕಥೆ ಬರೆಯುತ್ತಿದ್ದರು. ನಾನು ಅದರಲ್ಲಿ ಹದಿನಾಲ್ಕು ತಪ್ಪು ಹುಡುಕಿ, ನಂಬರ್ ಹಾಕಿ ಕಳಿಸಿದೆ. ಏಳನೆಯದು: ವ್ಯಾಟ್ಸನ್‌ಗೆ ಗುಂಡು ತಗುಲಿದ್ದು ಭುಜಕ್ಕೆ, ಕಾಲಿಗಲ್ಲ. ಮಾರನೇ ದಿನ ವಿನಯದ ಒಂದೇ ಸಾಲು ಬಂತು, "ಎರಡನೇ ಕಾದಂಬರಿ ನೋಡಿ." ನೋಡಿದೆ. 1887ರ ಮೊದಲ ಕಾದಂಬರಿಯಲ್ಲಿ ಭುಜದಲ್ಲಿದ್ದ ಗಾಯ 1890ರದ್ದರಲ್ಲಿ ಕಾಲಿಗೆ ಇಳಿದಿತ್ತು. ಎಡವಿದ್ದು ಇಬ್ಬರನ್ನೂ ಸೃಷ್ಟಿಸಿದ ಸಾಕ್ಷಾತ್ ಕಾನನ್ ಡಾಯ್ಲ್! ಆ ಕಥೆ ಐದನೇ ಅಧ್ಯಾಯಕ್ಕೇ ನಿಂತಿತು. ನನ್ನಿಂದಲೇ ನಿಂತಿತು ಅನ್ನಲಾರೆ. ಆದರೆ ಅದರ ಕೆಳಗೆ ಇವತ್ತಿಗೂ ಕೊನೆಯ ಓದುಗರ ಮಾತು ನನ್ನ ಆ ಪಟ್ಟಿಯೇ.

ಡಾಯ್ಲ್ ಇನ್ನೊಂದು ಕಥೆಯಲ್ಲಿ ಜಾನ್ ವ್ಯಾಟ್ಸನ್‌ನನ್ನು ಅವನ ಹೆಂಡತಿಯ ಬಾಯಲ್ಲೇ "ಜೇಮ್ಸ್" ಅಂತ ಕರೆಸಿಬಿಟ್ಟಿದ್ದಾರೆ. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಡೊರೊತಿ ಸೇಯರ್ಸ್ ಇದಕ್ಕೆ ಕೆಂಪು ಗೆರೆ ಎಳೆಯಲಿಲ್ಲ. ಜಾನ್ ಎಚ್. ವ್ಯಾಟ್ಸನ್‌ನ "ಎಚ್" ಹೇಮಿಶ್ ಇರಬೇಕು, ಅದು ಜೇಮ್ಸ್‌ನ ಸ್ಕಾಟಿಷ್ ರೂಪ, ಹೆಂಡತಿ ಅದರಿಂದಲೇ ಜೇಮ್ಸ್ ಅಂದಿದ್ದಾಳೆ ಎಂದು ವಾದಿಸಿದರು. ನನ್ನ ಹದಿನಾಲ್ಕು ನಂಬರುಗಳನ್ನು ನೆನೆದಾಗಲೆಲ್ಲ ಈ ಹೇಮಿಶ್ ನೆನಪಾಗಿ ನಾಚಿಕೆಯಾಗುತ್ತದೆ.

ಈಗ ಹೊಗಳಿಕೆಯ ವಿಷಯ. "ಸೂಪರ್" ಅಂತ ಬರೆದರೂ ತಪ್ಪಿಲ್ಲ. ಏನೂ ಬರೆಯದೇ ಹೋಗುವವರೇ ಹೆಚ್ಚು. ಆದರೆ ಬರೆದವರು ನಾಲ್ಕು ದಿನ ತಲೆಯಲ್ಲಿಟ್ಟುಕೊಂಡು ಓಡಾಡುವುದು ಬೇರೆ ಥರದ ಮಾತನ್ನು. ಅದೇ ನಿಂತುಹೋದ ಕಥೆಯಲ್ಲಿ, ವ್ಯಾಟ್ಸನ್ ಒಬ್ಬನೇ ಹೋಮ್ಸ್ ಇದ್ದ ಬೇಕರ್ ಸ್ಟ್ರೀಟಿನ ಮನೆಗೆ ಬಂದಾಗ ಮನೆಯೊಡತಿ ಮಿಸೆಸ್ ಹಡ್ಸನ್ ಅಭ್ಯಾಸಬಲದಿಂದ ಎರಡು ಕಪ್ ಟೀ ತರುತ್ತಾಳೆ. ಬಾಗಿಲಲ್ಲೇ ನಿಂತು, ಒಂದನ್ನು ವಾಪಸ್ ತೆಗೆದುಕೊಂಡು ಹೋಗುತ್ತಾಳೆ. ದುಃಖ ಎಂಬ ಪದವೇ ಅಲ್ಲಿಲ್ಲ. ನಾನು ಬರೆಯಬೇಕಿದ್ದದ್ದು ಇದನ್ನು: "ಆ ಎರಡನೇ ಕಪ್ ವಾಪಸ್ ಹೋದಾಗ ನಾನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕೂತೆ." ಓದಿ ನನಗೆ ಕಣ್ಣು ತುಂಬಿತ್ತು. ಅದನ್ನು ಬಿಟ್ಟು ಭುಜ, ಕಾಲು ಅಂತ ಕೂತೆ.

ಅಂದಹಾಗೆ "ಮುಂದಿನ ಅಧ್ಯಾಯ ಯಾವಾಗ?" ಅನ್ನುವುದು ಹೊಗಳಿಕೆಯಲ್ಲ. ಕೇಳುವವರಿಗೆ ಪ್ರೀತಿ ಇರಬಹುದು, ಕೇಳಿಸಿಕೊಳ್ಳುವವರಿಗೆ ಸಾಲ ವಸೂಲಿಗೆ ಬಂದಂತೆ ಇರುತ್ತದೆ.

ತಿದ್ದಬೇಕೆಂಬ ಕೈತುರಿಕೆ ಇದ್ದವರು ಬೀಟಾ ರೀಡರ್ ಆಗಬಹುದು. ಪ್ರಕಟಿಸುವ ಮೊದಲೇ ಓದಿ ಹೇಳುವವರು ಅವರು. ಬೇಳೆ ಬೆಂದಿದೆಯಾ ಅಂತ ಒಂದು ಕಾಳು ಹಿಸುಕಿ ನೋಡುವ ಹೊತ್ತು ಅದು. ಒಗ್ಗರಣೆ ಹಾಕಿ, ಬಡಿಸಿ ಆದಮೇಲೆ ಪಂಕ್ತಿಯಲ್ಲಿ ಕೂತು ಕೂಗುವುದರಿಂದ ಏನಾಗಬೇಕು? ಬೀಟಾ ಓದಿಗೆ ಕೂತಾಗಲೂ ನಾನು ಮೊದಲು ಕೇಳುವುದು "ಏನು ನೋಡಲಿ?" ಅಂತ. ವ್ಯಾಕರಣ ಮಾತ್ರ ಅಂದರೆ ವ್ಯಾಕರಣ ಮಾತ್ರ. ಪಾತ್ರದ ಬಗ್ಗೆ ಕೇಳಿದರೆ ನನಗನ್ನಿಸಿದ್ದನ್ನು ಪ್ರಶ್ನೆಯಾಗಿ ಇಡುತ್ತೇನೆ: "ಹೋಮ್ಸ್ ಇಲ್ಲಿ ಅಳುವುದು ನನಗೆ ದಿಢೀರ್ ಅನ್ನಿಸಿತು. ಹಿಂದೆ ಎಲ್ಲಾದರೂ ಸೂಚನೆ ಇದ್ದು ನಾನೇ ಗಮನಿಸಲಿಲ್ಲವಾ?" ಎಷ್ಟೋ ಸಲ ಇದ್ದೇ ಇರುತ್ತದೆ. ಇನ್ನು ಹೋಮ್ಸ್‌ಗೂ ವ್ಯಾಟ್ಸನ್‌ಗೂ ಪ್ರೇಮವೇ ಅಂತ ಮುಖ ಸಿಂಡರಿಸುವವರಿದ್ದಾರೆ. ಟ್ಯಾಗ್‌ನಲ್ಲೇ ಬರೆದಿರುತ್ತದಲ್ಲ ಸ್ವಾಮಿ, ಮುಚ್ಚಿ ಮುಂದಕ್ಕೆ ಹೋಗಿ.

"ಬರೀ ಹೊಗಳಿದ್ರೆ ಅವರು ಬೆಳೆಯೋದು ಹೇಗೆ ಮೇಡಂ?" ಇದು ಮುಂದಿನ ಪ್ರಶ್ನೆ, ಸಾಮಾನ್ಯವಾಗಿ ಸ್ವಲ್ಪ ಗದರಿಸುವ ದನಿಯಲ್ಲಿ. ಬೆಳೆಯಬೇಕು ಅಂತ ಅವರು ನಿಮ್ಮ ಹತ್ತಿರ ಹೇಳಿದ್ದಾರಾ? ಸಂಜೆ ಜಗಲಿಯ ಮೇಲೆ ಕ್ಯಾರಂ ಆಡುವವರನ್ನು ನಾವು ಕೋಚಿಂಗ್‌ಗೆ ಸೇರಿಸುವುದಿಲ್ಲ. ಫಿಕ್‌ಗೆ ಬೆಲೆಯಿಲ್ಲ, ನೀವು ದುಡ್ಡು ಕೊಟ್ಟಿಲ್ಲ, ಅವರು ಸಂಬಳ ಪಡೆದಿಲ್ಲ. 2009ರಲ್ಲಿ ಎಲ್ಲರಿಗೂ ತೆರೆದ "ಆರ್ಕೈವ್ ಆಫ್ ಅವರ್ ಓನ್" ಎಂಬ ಫಿಕ್‌ಗಳ ಜಾಲತಾಣ ಕೂಡ ಸ್ವಯಂಸೇವಕರು ನಡೆಸುವಂಥದ್ದು. 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿ ಪಡೆದ ಆ ಸಂಗ್ರಹದಲ್ಲಿ ಐದಕ್ಕೆ ಇಷ್ಟು ನಕ್ಷತ್ರ ಅಂತ ಅಂಕ ಕೊಡುವ ಏರ್ಪಾಡೇ ಇಲ್ಲ. ಇಷ್ಟವಾದರೆ ಒತ್ತಲು ಕುಡೋಸ್ ಎಂಬ ಗುಂಡಿ ಇದೆ, ಅದೂ ಒಂದು ಕಥೆಗೆ ಒಬ್ಬರಿಗೆ ಒಂದೇ ಸಲ.

ಹಾಗಂತ ತಿದ್ದಿಸಿಕೊಳ್ಳುವ ಸುಖ ನನಗೂ ಗೊತ್ತು. ನನ್ನದೊಂದು ಕಥೆಯ ಕೊನೆಗೆ "ತಪ್ಪಿದ್ದರೆ ದಯವಿಟ್ಟು ಹೇಳಿ" ಅಂತ ಬರೆದಿದ್ದೆ. ಹೋಮ್ಸ್‌ನನ್ನು ಡಾರ್ಟ್‌ಮೂರ್ ಕಡೆಗೆ ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ರೈಲು ಹತ್ತಿಸಿದ್ದೆ. ಒಬ್ಬರು ಬರೆದರು: ಮಂಜಿನ ವರ್ಣನೆ ತುಂಬಾ ಹಿಡಿಸಿತು, ಅದಕ್ಕೇ ಎರಡನೇ ಸಲ ಓದಿದೆ, ಎರಡನೇ ಸಲ ಓದಿದಾಗ ಕಣ್ಣಿಗೆ ಬಿತ್ತು, ಆ ಕಡೆಯ ರೈಲು ಪ್ಯಾಡಿಂಗ್ಟನ್‌ನಿಂದ ಅಲ್ಲವೇ? ಆಫೀಸಿನಲ್ಲಿ ಕೂತೇ, ಮೊಬೈಲಿನಲ್ಲೇ ತಿದ್ದಿದೆ.