ಆ ಗೋಪುರ ಶೋಕಿಗಲ್ಲ, ಗಾಳಿಗೆ

ಮಿಷಿಗನ್‌ನಲ್ಲಿ ಹಳೇ ಕಟ್ಟಡಗಳಿಗೆ ಹೀಟಿಂಗ್, ಏಸಿ ಕೂರಿಸುವ ಡಿಸೈನ್ ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗರಿಗೆ ಪುಸ್ತಕ ಆಮೇಲೆ ಓದಿ, ಮೊದಲು ಟ್ರಾವರ್ಸ್ ಸಿಟಿಯ ಹಳೇ ಮಾನಸಿಕ ಆಸ್ಪತ್ರೆ ನೋಡಿ ಬನ್ನಿ ಅಂತೀನಿ.

1885ರಲ್ಲಿ ಬಾಗಿಲು ತೆರೆದ ಸರ್ಕಾರಿ ಆಸ್ಪತ್ರೆ ಅದು. ಮುಖ್ಯ ಕಟ್ಟಡ ಬಿಲ್ಡಿಂಗ್ 50, ಹತ್ತಿರ ಹತ್ತಿರ ಕಾಲು ಮೈಲಿ ಉದ್ದ. ಕೆನೆ ಬಣ್ಣದ ಇಟ್ಟಿಗೆ, ತಲೆ ಮೇಲೆ ಚೂಪು ಗೋಪುರಗಳು. ಎಲ್ಲರೂ ಅದನ್ನು ಅಲಂಕಾರ ಅಂದುಕೊಂಡು ಫೋಟೋ ತೆಗೀತಾರೆ. ಅದು ಇರುವುದು ಕೆಟ್ಟ ಗಾಳಿ ಹೊರಗೆ ಬಿಡೋಕೆ.

ಇದರ ಹಿಂದಿನ ಐಡಿಯಾ ಅಮೆರಿಕದ ಮನೋವೈದ್ಯ ಡಾಕ್ಟರ್ ಥಾಮಸ್ ಕರ್ಕ್‌ಬ್ರೈಡ್ ಅವರದ್ದು. ಬೆಳಕು, ಗಾಳಿ ಚೆನ್ನಾಗಿದ್ದರೆ ಕಟ್ಟಡವೇ ಅರ್ಧ ಔಷಧಿ ಅನ್ನುವುದು ಅವರ ನಂಬಿಕೆ. ಅವರ ಪ್ಲಾನಿನ ಆಸ್ಪತ್ರೆಗಳಲ್ಲಿ ನೆಲಮಾಳಿಗೆಯ ಹಬೆ ಪೈಪಿಗೆ ತಾಗಿ ಬಿಸಿಯಾದ ಗಾಳಿ, ಗೋಡೆಯೊಳಗಿನ ಪೊಳ್ಳು ದಾರಿಯಲ್ಲಿ ವಾರ್ಡಿಗೆ ಏರುತ್ತಿತ್ತು. ಕೊಳೆ ಗಾಳಿ ಇನ್ನೊಂದು ದಾರಿಯಲ್ಲಿ ಅಟ್ಟ ಸೇರಿ ಆಚೆ ಹೋಗುತ್ತಿತ್ತು.

ಇಂಥ ಕಟ್ಟಡದಲ್ಲಿ ಡಕ್ಟಿನ (ಗಾಳಿ ಸಾಗಿಸುವ ಕೊಳವೆಯ) ಗೆರೆ ಎಳೆಯುವ ಮುಂಚೆ ಈ ಪೊಳ್ಳುಗಳನ್ನು ಹುಡುಕಬೇಕು. ಗೋಡೆಯ ಹಳೇ ಜಾಲರಿ ಹತ್ತಿರ ಟಿಶ್ಯೂ ಪೇಪರಿನ ಚೂರು ಹಿಡಿಯಿರಿ. ಒಳಕ್ಕೆ ಎಳೆದುಕೊಂಡರೆ ಆ ದಾರಿ ಇನ್ನೂ ಬದುಕಿದೆ. ಸುಮ್ನೆ ಪ್ಲಾಸ್ಟರ್‌ಬೋರ್ಡ್ ಹೊಡೆದು ಮುಚ್ಚಿದರೆ ಚಳಿಗಾಲವಿಡೀ ಮನೆಯ ಬಿಸಿ ಆ ಸಂದಿಯಲ್ಲಿ ಸೋರುತ್ತದೆ. ಬೆಂಕಿ ಬಿದ್ದರೆ ಹೊಗೆ ಮೇಲಿನ ಮಹಡಿಗೆ ಏರುವುದೂ ಅಲ್ಲಿಂದಲೇ. ಒಂದೊಂದು ಮಹಡಿಯಲ್ಲೂ ಬೇರೆಬೇರೆಯಾಗಿ ಬಂದ್ ಮಾಡಬೇಕು.

1924ರವರೆಗೆ ಆಸ್ಪತ್ರೆ ನಡೆಸಿದ ಡಾಕ್ಟರ್ ಮನ್ಸನ್‌ಗೆ ತೋಟ, ಮರ, ಹೂವು ಅಂದರೆ ಚಿಕಿತ್ಸೆ. ರೋಗಿಗಳು ದುಡಿಯುತ್ತಿದ್ದ ಡೈರಿಯೂ ಇತ್ತು. ಅಲ್ಲಿನ ಕೊಲಾಂತ ಅನ್ನುವ ಹಸು ಜೀವಮಾನದಲ್ಲಿ ಸುಮಾರು 90 ಟನ್ ಹಾಲು ಕೊಟ್ಟಿತು. ಅದಕ್ಕೊಂದು ಸಮಾಧಿ ಕಲ್ಲೂ ಇದೆ, ನೋಡಿ!

ಆದರೆ ಕರ್ಕ್‌ಬ್ರೈಡ್ ಒಂದು ಆಸ್ಪತ್ರೆಗೆ 250 ಜನ ಸಾಕು ಅಂದಿದ್ದರು. ಇಲ್ಲಿ ಒಂದು ಹಂತದಲ್ಲಿ 3,000ದ ಹತ್ತಿರ ತುಂಬಿದರು. ಅಷ್ಟು ಜನಕ್ಕೆ ಯಾವ ಗೋಪುರ ತಾನೇ ಗಾಳಿ ಕೊಟ್ಟೀತು? 1963ರಲ್ಲಿ ಬೆಂಕಿಯ ಭಯಕ್ಕೆ ನಡುವಿನ ಭಾಗವನ್ನೇ ಕೆಡವಿದರು. 1989ರಲ್ಲಿ ಆಸ್ಪತ್ರೆ ಮುಚ್ಚಿತು. ಎಷ್ಟೋ ವರ್ಷ ಪಾಳು ಬಿದ್ದ ಮೇಲೆ, 2000ದ ನಂತರ ಮಿನರ್ವಿನಿ ಗ್ರೂಪ್ ಅನ್ನುವ ಬಿಲ್ಡರ್ ಕಂಪನಿ ರಿಪೇರಿಗೆ ಕೈಹಾಕಿತು. ಈಗ ವಾರ್ಡುಗಳಲ್ಲಿ ಮನೆ, ಆಫೀಸು. ನೆಲಮಾಳಿಗೆಯಲ್ಲಿ ಅಂಗಡಿ, ಹೋಟೆಲು. ಬಟ್ಟೆ ಒಗೆಯುತ್ತಿದ್ದ ಲಾಂಡ್ರಿಯಲ್ಲಿ ವೈನರಿ.

ಹೋದವರು ಹೆಚ್ಚಾಗಿ ಅಲ್ಲೇ ಕಾಲ ಕಳೆದು ಬರ್ತಾರೆ. ನೀವು ಹಬೆ ಪೈಪಿನ ಇಟ್ಟಿಗೆ ಸುರಂಗದ ಟೂರ್ ಮೊದಲು ಮುಗಿಸಿ. ವೈನ್ ಎಲ್ಲಿಗೂ ಓಡಿಹೋಗಲ್ಲ.