‘ಟೊಯೊಟಾ ಅಲ್ವಾ, ಏನಾಗತ್ತೆ?’: ನಮ್ಮ ಕ್ವಾಲಿಸ್ ಕೆಲಸ ಎಲ್ಲಿಗೆ ಬಂತು

ರಿಪೇರಿ ಮಾಡುತ್ತಿರುವ ನಮ್ಮ ಹಳೇ ಟೊಯೊಟಾ ಕ್ವಾಲಿಸ್ ಇನ್ನೂ ರೋಡಿಗೆ ಇಳಿದಿಲ್ಲ. ಆದರೆ ಇಂಜಿನ್ ಸ್ಟಾರ್ಟ್ ಆಗಿದೆ. ಹೋದ ಸಲ ಬರೆದಾಗ ಗಾಡಿ ಮನೆಗೆ ಬಂದು ಶೆಡ್ಡಿನಲ್ಲಿ ನಿಂತಿತ್ತಷ್ಟೇ. ಆಮೇಲೆ ಕೆಲಸ ಜಾಸ್ತಿಯಾಯಿತು, ಬರೆಯುವುದು ನಿಂತೇಹೋಯಿತು. ಈಗ ಎಲ್ಲಾ ಒಟ್ಟಿಗೆ ಬರೆದುಬಿಡುತ್ತೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಗಾಡಿ 2003ರ ಮಾಡೆಲ್, ಬಿಳಿ ಬಣ್ಣ. ಮೊದಲು ಯೆಲ್ಲೋ ಬೋರ್ಡಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಹುಡುಗ ಹುಡುಗಿಯರನ್ನು ರಾತ್ರಿಯಿಡೀ ಮನೆ ಮುಟ್ಟಿಸಿದೆ. ಆಮೇಲೆ ವೈಟ್ ಬೋರ್ಡಾಗಿ ಅರಸೀಕೆರೆ ಕಡೆಯ ಒಂದು ತೋಟದ ಮನೆ ಸೇರಿತು. ಅಲ್ಲಿ ತೆಂಗಿನಕಾಯಿ, ಗೊಬ್ಬರದ ಮೂಟೆ, ಮದುವೆ ದಿಬ್ಬಣ, ಧರ್ಮಸ್ಥಳದ ಟ್ರಿಪ್ಪು ಎಲ್ಲವನ್ನೂ ಹೊತ್ತಿದೆ. ಮೀಟರ್ ಮೂರು ಲಕ್ಷ ಚಿಲ್ಲರೆ ತೋರಿಸುತ್ತದೆ. ಮಾರಿದವರೇ ಅದನ್ನು ನಂಬಲಿಲ್ಲ, ನಾನು ಹೇಗೆ ನಂಬಲಿ? ಆರ್‌ಸಿ 2028ರವರೆಗೆ ಇದೆ, ಹಾಗಾಗಿ ಆರ್‌ಟಿಒ ಗಡಿಬಿಡಿ ಇಲ್ಲ. ಆದರೆ ರಿನ್ಯೂವಲ್ ಫೀಸು 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಹಾರಿತ್ತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಹಳೇ ಗಾಡಿ ಇಟ್ಟುಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೀರಿನ ಕಥೆ

ಮೊದಲು ತೆಗೆದದ್ದು ರೇಡಿಯೇಟರ್ ಮುಚ್ಚಳ. ಟೊಯೊಟಾ ಕೂಲೆಂಟ್ ಕೆಂಪಗಿರುತ್ತದೆ. ಇದರಲ್ಲಿ ಇದ್ದದ್ದು ಕಾಫಿ ಬಣ್ಣದ ನೀರು. ಬೆರಳು ಅದ್ದಿ ಉಜ್ಜಿದರೆ ತುಕ್ಕಿನ ಪುಡಿ ಸಣ್ಣ ಮರಳಿನ ಹಾಗೆ ಕೈಗೆ ಸಿಕ್ಕಿತು. ತೋಟದ ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ಸುರಿದಿದ್ದಾರೆ. ಆಮೇಲೆ ಥರ್ಮೋಸ್ಟಾಟ್ ಮನೆ ಬಿಚ್ಚಿದೆ. ಥರ್ಮೋಸ್ಟಾಟ್ ಅಂದರೆ ಬಿಸಿ ನೋಡಿಕೊಂಡು ನೀರಿನ ದಾರಿ ತೆರೆದು ಮುಚ್ಚುವ ವಾಲ್ವು. ಒಳಗೆ ಖಾಲಿ. ಥರ್ಮೋಸ್ಟಾಟೇ ಇಲ್ಲ!

ಇದು ನಮ್ಮ ಕಡೆಯ ಗ್ಯಾರೇಜುಗಳ ಹಳೇ ಚಾಳಿ. ಗಾಡಿ ಬಿಸಿಯಾಯಿತಾ, ಥರ್ಮೋಸ್ಟಾಟ್ ಕಿತ್ತು ಬಿಸಾಕು, ನೀರು ಚೆನ್ನಾಗಿ ಓಡಾಡಲಿ ಅಂತ. ಅದು ಸುಮ್ನೆ ಇಟ್ಟ ಅಡ್ಡಗಟ್ಟೆ ಅಲ್ಲ. ಇಂಜಿನ್ ಬೇಗ ಹದಕ್ಕೆ ಬರುವಂತೆ ಅದು ನೋಡಿಕೊಳ್ಳುತ್ತದೆ. ಬೈಪಾಸ್, ಅಂದರೆ ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುವ ದಾರಿ, ಇರುವ ಇಂಜಿನ್‌ನಲ್ಲಿ ಬಿಸಿ ಏರಿದ ಮೇಲೆ ಬೈಪಾಸ್ ದಾರಿಯನ್ನು ಮುಚ್ಚಿ, ನೀರೆಲ್ಲಾ ರೇಡಿಯೇಟರ್ ಕಡೆಗೇ ಹೋಗುವಂತೆ ಮಾಡುವುದೂ ಅದೇ. ಅದನ್ನು ತೆಗೆದರೆ ಊರೊಳಗೆ ಓಡಿಸುವಾಗ ಇಂಜಿನ್ ಹದಕ್ಕೇ ಬರುವುದಿಲ್ಲ. ಘಾಟಿ ಹತ್ತುವಾಗ ಅರ್ಧ ನೀರು ತಣ್ಣಗಾಗದೆ ಸುತ್ತುತ್ತಲೇ ಇರುತ್ತದೆ. ಎರಡೂ ಕಡೆ ನಷ್ಟ.

ಹೊಸದು ತಂದು ಹಾಕುವ ಮೊದಲು ಒಲೆಯ ಮೇಲೆ ಪರೀಕ್ಷೆ ಮಾಡಿದೆ. ಪಾತ್ರೆಯಲ್ಲಿ ನೀರು, ದಾರ ಕಟ್ಟಿ ತಳ ಮುಟ್ಟದ ಹಾಗೆ ಇಳಿಬಿಟ್ಟ ಥರ್ಮೋಸ್ಟಾಟ್, ಪಕ್ಕದಲ್ಲಿ ಥರ್ಮಾಮೀಟರ್. ಅದರ ಮೈಮೇಲೆ ಕೆತ್ತಿದ ಉಷ್ಣಾಂಶದ ಹತ್ತಿರ ಬಂದಾಗ ಬಾಯಿ ಮೆಲ್ಲಗೆ ಬಿಡಲು ಶುರುಮಾಡಿತು, ಕುದಿ ಬರುವ ಹೊತ್ತಿಗೆ ಪೂರ್ತಿ ತೆರೆಯಿತು. ಮನೆಯವರು ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ, ಅದು ಬೇರೆ ವಿಷಯ.

ಹಳೇ ಮಾಲೀಕರನ್ನು ಕೇಳಿದೆ, ‘ಟೆಂಪರೇಚರ್ ಮುಳ್ಳು ಮೇಲೆ ಹೋಗ್ತಿರಲಿಲ್ವಾ?’ ಅಂತ. ‘ಹೋಗ್ತಿತ್ತು. ಟೊಯೊಟಾ ಅಲ್ವಾ, ಏನಾಗತ್ತೆ ಅಂತ ಓಡಿಸ್ತಿದ್ವಿ’ ಅಂದರು.

ಈ ಗಾಡಿ ಬಿಚ್ಚುತ್ತಾ ಹೋದ ಹಾಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದು: ಹಳೇ ಕ್ವಾಲಿಸ್‌ಗಳನ್ನು ಕೊಲ್ಲುತ್ತಿರುವುದು ಅದರ ಒಳ್ಳೇ ಹೆಸರೇ. ಬೇರೆ ಗಾಡಿ ಆಗಿದ್ದರೆ ಮುಳ್ಳು ಏರಿದ ಕೂಡಲೇ ನಿಲ್ಲಿಸುತ್ತಿದ್ದರು.

ಹೆಡ್ ಇಳಿಸಿದ್ದು

ನಮ್ಮ ಕ್ವಾಲಿಸ್‌ನಲ್ಲಿರುವುದು 2ಎಲ್ ಅನ್ನುವ ಡೀಸೆಲ್ ಇಂಜಿನ್. 2,446 ಸಿಸಿ, ನಾಲ್ಕು ಸಿಲಿಂಡರ್, ಟರ್ಬೋ ಇಲ್ಲ, 75 ಅಶ್ವಶಕ್ತಿ. ಹೊಸ ಡೀಸೆಲ್‌ಗಳ ಹಾಗೆ ಕಾಮನ್ ರೈಲ್ ಇಲ್ಲ, ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ತಲೆನೋವು ಇಲ್ಲ. ಪಂಪು, ನಾಝಲ್, ಹೀಟರ್ ಪ್ಲಗ್, ಮುಗಿಯಿತು. ತಾಲ್ಲೂಕಿನ ಮೆಕ್ಯಾನಿಕ್ ಕೂಡ ಕಣ್ಣುಮುಚ್ಚಿ ಬಿಚ್ಚುತ್ತಾನೆ. ಆದರೆ ಈ ಎಲ್ ಜಾತಿಯ ಇಂಜಿನ್‌ಗಳಿಗೆ ಒಂದು ದೌರ್ಬಲ್ಯ ಇದೆ. ಬಿಸಿ ತಡೆಯುವುದಿಲ್ಲ. ಎರಡು ಮೂರು ಸಲ ಚೆನ್ನಾಗಿ ಕಾದರೆ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ, ಬಿರುಕು ಬಿಡುತ್ತದೆ. ಟರ್ಬೋ ಇರುವ 2ಎಲ್-ಟಿ ಇದಕ್ಕೆ ಇನ್ನೂ ಕುಖ್ಯಾತ. ಪ್ರಪಂಚದಲ್ಲಿ ಎಲ್ಲೆಲ್ಲಿ ಟೊಯೊಟಾದ ಹೈಲಕ್ಸ್ ಪಿಕಪ್ ಓಡಿದೆಯೋ ಅಲ್ಲೆಲ್ಲಾ ಇದೇ ದೂರು.

ಹಾಗಾಗಿ ಹೆಡ್ ಇಳಿಸಿ ನೋಡಿಸಿದೆ. ಲೇತ್ ಅಂಗಡಿಯಲ್ಲಿ ಅದನ್ನು ತೊಳೆದು ಬಣ್ಣದ ಪರೀಕ್ಷೆ ಮಾಡಿದರು. ನೋಡಲು ಸೊಗಸಾಗಿರುತ್ತದೆ. ಮೊದಲು ಕೆಂಪು ದ್ರವ ಸ್ಪ್ರೇ ಮಾಡಿ ಸ್ವಲ್ಪ ಹೊತ್ತು ಬಿಡುತ್ತಾರೆ. ಒರೆಸಿ ತೆಗೆಯುತ್ತಾರೆ, ಲೋಹ ಮತ್ತೆ ಬೆಳ್ಳಗಾಗುತ್ತದೆ. ಆಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕಿನೊಳಗೆ ಅಡಗಿದ್ದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ. ಒಂದು, ಎರಡು, ನಾಲ್ಕನೇ ಸಿಲಿಂಡರ್ ಸ್ವಚ್ಛ. ಮೂರನೆಯದರಲ್ಲಿ ಎರಡು ವಾಲ್ವ್‌ಗಳ ನಡುವೆ ಕೂದಲೆಳೆಯಷ್ಟು ಕೆಂಪು ಗೆರೆ ನಿಧಾನಕ್ಕೆ ಮೂಡಿತು.

ಲೇತಿನವರು ವೆಲ್ಡ್ ಹಾಕಿ ಕೊಡುತ್ತೇನೆ ಅಂದರು. ಅಂಥ ಗೆರೆ ಇಟ್ಟುಕೊಂಡೇ ಓಡುವ ಗಾಡಿಗಳು ಎಷ್ಟೋ ಇವೆ, ಸುಳ್ಳಲ್ಲ. ಆದರೆ ಗೆರೆ ನೀರಿನ ದಾರಿ ತಲುಪಿದರೆ ಮತ್ತೆ ಇಷ್ಟೇ ಕೆಲಸ, ಇಷ್ಟೇ ಗ್ಯಾಸ್ಕೆಟ್ ಖರ್ಚು. ಬೇಡ ಅಂದೆ. ಬೇರೆ ಹೆಡ್‌ಗಾಗಿ ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೇಳಿಟ್ಟು ಬಂದೆ.

ಕಾಯುವಾಗ ಓದಿದ್ದು

ಹೆಡ್ ಬರುವವರೆಗೆ ಕೈಕಟ್ಟಿ ಕೂರುವಂತಾಯಿತು. ಆಗ ಈ ಕಂಪನಿಯ ಹುಟ್ಟಿನ ಕಥೆ ಓದುತ್ತಾ ಹೋದೆ. ನನಗೆ ಹಿಡಿಸಿದ್ದು ಕಾರಿಗಿಂತ ಮಗ್ಗದ ಭಾಗ.

ಸಾಕಿಚಿ ಟೊಯೊಡಾ 1867ರಲ್ಲಿ ಹುಟ್ಟಿದ ಬಡಗಿಯ ಮಗ. ಜೀವನಪೂರ್ತಿ ಮಗ್ಗದ ಹಿಂದೆಯೇ ಬಿದ್ದ. 1924ರಲ್ಲಿ ಮುಗಿಸಿದ ಟೈಪ್ ಜಿ ಮಗ್ಗ ಓಡುತ್ತಿರುವಾಗಲೇ ಲಾಳಿ ಬದಲಿಸುತ್ತಿತ್ತು. ಒಂದು ಎಳೆ ತುಂಡಾದರೂ ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುವುದಕ್ಕಿಂತ ನಿಲ್ಲುವುದು ವಾಸಿ ಅನ್ನುವುದು ಅದರ ಲೆಕ್ಕ. ಈ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಒಂದು ಲಕ್ಷ ಪೌಂಡಿಗೆ ಕೊಂಡಿತು. ಆ ಹಣವೇ ಮಗ ಕಿಚಿರೊನ ಕಾರಿನ ಹುಚ್ಚಿಗೆ ಬಂಡವಾಳ ಆಯಿತು ಅನ್ನುತ್ತಾರೆ. ಮಗ್ಗದ ಕಂಪನಿಯೊಳಗೇ 1933ರಲ್ಲಿ ಕಾರಿನ ವಿಭಾಗ ಶುರುವಾಯಿತು. 1937ರಲ್ಲಿ ಅದು ಬೇರೆ ಕಂಪನಿಯಾಯಿತು.

ಈಗ ‘ಕೆಡದ ಗಾಡಿ’ ಅಂದರೆ ಟೊಯೊಟಾ ಅನ್ನುತ್ತೇವೆ. ಶುರುವಿನಲ್ಲಿ ಹಾಗಿರಲಿಲ್ಲ. 1935ರ ಜಿ1 ಟ್ರಕ್ಕು ಟೋಕಿಯೊದಲ್ಲಿ ಜನರಿಗೆ ತೋರಿಸಲು ಹೊರಟಾಗಲೇ ದಾರಿಯಲ್ಲಿ ಕೆಟ್ಟು ನಿಂತಿತ್ತು. 1950ರಲ್ಲಿ ಕಂಪನಿ ದಿವಾಳಿ ಅಂಚಿಗೆ ಬಂತು, ಕಾರ್ಮಿಕರು ಮುಷ್ಕರ ಹೂಡಿದರು, ಕಿಚಿರೊ ರಾಜೀನಾಮೆ ಕೊಟ್ಟ. ಉಳಿಸಿದ್ದು ಕೊರಿಯಾ ಯುದ್ಧದ ಟ್ರಕ್ ಆರ್ಡರುಗಳು. 1957ರಲ್ಲಿ ಕ್ರೌನ್ ಕಾರನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿನ ಹೈವೇಯಲ್ಲಿ ಅದಕ್ಕೆ ದಮ್ಮು ಸಾಲಲಿಲ್ಲ, ನಡುಗಿತು, ಕಾದು ನಿಂತಿತು. 1958ರಲ್ಲಿ ಅಲ್ಲಿ ಮಾರಿದ್ದು 287 ಕ್ರೌನ್, ಜೊತೆಗೆ ಒಂದು ಲ್ಯಾಂಡ್ ಕ್ರೂಸರ್. ಇಷ್ಟೇ! ಹೆಡ್ ಬಿರುಕಿನ ಗಾಡಿ ಶೆಡ್ಡಿನಲ್ಲಿಟ್ಟುಕೊಂಡವನಿಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು.

ಟೊಯೊಟಾದ ಇಂಜಿನಿಯರ್ ತೈಇಚಿ ಓನೊ, ಮಗ್ಗದ ಬುದ್ಧಿಯನ್ನೇ ಕಾರಿನ ಲೈನಿಗೆ ತಂದ. ತಪ್ಪು ಕಂಡವನು ಹಗ್ಗ ಎಳೆದು ಇಡೀ ಲೈನನ್ನೇ ನಿಲ್ಲಿಸಬಹುದು. ನಿಲ್ಲಿಸು, ಕಾರಣ ಹುಡುಕು, ಆಮೇಲೆ ಮುಂದೆ ಹೋಗು. ಮಾಡುವವರು ಒಂದು ಎಳೆಗೂ ನಿಲ್ಲಿಸುತ್ತಾರೆ. ಓಡಿಸುವವರು ಮುಳ್ಳು ಕೆಂಪು ಮುಟ್ಟಿದರೂ ನಿಲ್ಲಿಸುವುದಿಲ್ಲ.

ನಮ್ಮ ಕಡೆಗೆ ಈ ಬಳಗ ಕಿರ್ಲೋಸ್ಕರ್ ಜೊತೆ ಬಂದದ್ದೂ ಮೊದಲು ಕಾರಿಗಲ್ಲ. 1995ರಲ್ಲಿ ಜಿಗಣಿಯ ಜವಳಿ ಯಂತ್ರದ ಕಾರ್ಖಾನೆಗೆ. ಕಾರಿನ ಕಂಪನಿ ಆದದ್ದು 1997ರಲ್ಲಿ. 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಾಗಲು ಶುರು, 2000ದ ಹೊಸವರ್ಷಕ್ಕೆ ಮಾರಾಟ. ತಮಾಷೆ ಏನೆಂದರೆ ಅದು ಹೊಸ ಗಾಡಿಯೇ ಅಲ್ಲ. ಇಂಡೋನೇಷ್ಯಾದಲ್ಲಿ 1986ರಿಂದ ಓಡಿದ ಟೊಯೊಟಾದ್ದೇ ಮೂರನೇ ತಲೆಮಾರಿನ ಕಿಜಾಂಗ್ ಗಾಡಿ. ಅಲ್ಲಿ 1997ಕ್ಕೇ ಮುಂದಿನ ಮಾಡೆಲ್ ಬಂದಿತ್ತು. ನಮಗೆ ಹಳೇ ಡಬ್ಬ ಕೊಟ್ಟರು ಅಂತ ಆಗ ಬೈದವರು ಬೇಕಾದಷ್ಟು. ನನ್ನ ಪ್ರಕಾರ ಅದೇ ಅದರ ಗುಟ್ಟು. ಹದಿಮೂರು ವರ್ಷ ಬೇರೆಯವರ ಗುಂಡಿ ರಸ್ತೆಯಲ್ಲಿ ಎಲ್ಲಾ ತಪ್ಪು ತಿದ್ದಿಸಿಕೊಂಡು ಬಂದ ಗಾಡಿ ನಮ್ಮ ಟ್ಯಾಕ್ಸಿಯವರ ಕೈಗೆ ಸಿಕ್ಕಿತು. ಕೆಡಲು ಅದರಲ್ಲಿ ಜಾಸ್ತಿ ಏನೂ ಉಳಿದಿರಲಿಲ್ಲ. ಇನ್ನೂ ಚೆನ್ನಾಗಿ ಮಾರುತ್ತಿರುವಾಗಲೇ 2005ರಲ್ಲಿ ನಿಲ್ಲಿಸಿ ಇನ್ನೋವಾ ತಂದರು. ಟ್ಯಾಕ್ಸಿಯವರು ಗೊಣಗಿದರು, ಕೆಲವರು ಶೆವ್ರೊಲೆ ಟವೇರಾ ಕಡೆ ಹೋದರು, ಆಮೇಲೆ ಇನ್ನೋವಾಕ್ಕೇ ವಾಪಸ್ ಬಂದರು.

ಹೆಸರಿಗೆ ಮಸಿ ಹತ್ತಿಲ್ಲ ಅಂತಲ್ಲ. ಅಮೆರಿಕದಲ್ಲಿ ಆಕ್ಸಿಲರೇಟರ್ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ ಅನ್ನುವ ಗಲಾಟೆಯಿಂದ 2009-10ರಲ್ಲಿ ಲಕ್ಷಾಂತರ ಗಾಡಿ ವಾಪಸ್ ಕರೆಸಬೇಕಾಯಿತು. ಗಿರಾಕಿಗಳ ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಿದರು. ಬಿಡದಿಯಲ್ಲೂ 2006, 2014, 2020ರಲ್ಲಿ ಲಾಕೌಟ್ ಆಗಿತ್ತು. 2024ರ ಜನವರಿಯಲ್ಲಿ ಡೀಸೆಲ್ ಇಂಜಿನ್ ಪರೀಕ್ಷೆಯಲ್ಲಿ ಅಕ್ರಮ ಹೊರಬಂದು, ಇಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ರವಾನೆ ಸ್ವಲ್ಪ ದಿನ ನಿಂತಿತ್ತು. ಆ ಇಂಜಿನ್‌ಗಳನ್ನು ಮಾಡುವುದು ಸಾಕಿಚಿಯ ಹಳೇ ಮಗ್ಗದ ಕಂಪನಿಯೇ, ಇದು ನನಗೆ ಚುಚ್ಚಿತು. ಮಾಲೀಕರಲ್ಲಿ ಎಷ್ಟು ಜನ ತಲೆ ಕೆಡಿಸಿಕೊಂಡರು? ನನಗೆ ಗೊತ್ತಿರುವ ಇನ್ನೋವಾದವರು ಯಾರೂ ಗಾಡಿ ಮಾರಲಿಲ್ಲ. ಮಾರುತಿ ಬಲೆನೊಗೆ ಬೇರೆ ಲೋಗೋ ಹಾಕಿ ಗ್ಲಾಂಜಾ ಅಂತ ಮಾರಿದ್ದಕ್ಕೆ ಇದಕ್ಕಿಂತ ಜಾಸ್ತಿ ಮುಖ ಸಿಂಡರಿಸಿದರು.

ಮತ್ತೆ ಶೆಡ್ಡಿಗೆ

ಹೆಡ್ ಬಂತು. ಕೂರಿಸುವ ಮೊದಲು ಬ್ಲಾಕಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ಸಂದು ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್, ತೂರಿಸಿ ಸಮತಟ್ಟು ನೋಡಿದೆವು. ಸರಿಯಿತ್ತು. ಹೆಡ್ ಬೋಲ್ಟ್ ಬಿಗಿಯುವುದಕ್ಕೆ ಇಲ್ಲಿ ಒಂದು ಕ್ರಮ ಇದೆ. ನಡುವಿನಿಂದ ಹೊರಗೆ ಸುತ್ತುತ್ತಾ ಮೊದಲು ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪಾನರ್) ಬಿಗಿಯಬೇಕು. ಆಮೇಲೆ ಪ್ರತಿ ಬೋಲ್ಟಿನ ತಲೆಗೆ ಮುಂದುಗಡೆ ಒಂದು ಪೇಂಟ್ ಚುಕ್ಕೆ ಇಟ್ಟು, ಎಲ್ಲವನ್ನೂ 90 ಡಿಗ್ರಿ ತಿರುಗಿಸಬೇಕು. ಮತ್ತೊಂದು ಸುತ್ತು 90 ಡಿಗ್ರಿ. ಕೊನೆಗೆ ಎಲ್ಲಾ ಚುಕ್ಕೆಗಳೂ ಹಿಂದಕ್ಕೆ ಮುಖ ಮಾಡಿರಬೇಕು. ಕಣ್ಣಿಗೇ ಕಾಣುವ ಲೆಕ್ಕ. ಮೆಕ್ಯಾನಿಕ್ ‘ನನ್ನ ಕೈಯೇ ಟಾರ್ಕ್ ರೆಂಚು ಸಾರ್’ ಅಂದರು. ಚುಕ್ಕೆ ಇಟ್ಟ ಮೇಲೆ ಅವರಿಗೂ ಇಷ್ಟವಾಯಿತು.

ಟೈಮಿಂಗ್ ಬೆಲ್ಟ್ ಹೊಸದು, ಅದನ್ನು ಬಿಗಿ ಹಿಡಿಯುವ ಐಡ್ಲರ್ ಹೊಸದು. ಈ ಇಂಜಿನ್‌ನಲ್ಲಿ ವಾಲ್ವು ತೆರೆಯುವ ಕ್ಯಾಮ್ ಮತ್ತು ಡೀಸೆಲ್ ಪಂಪು ಎರಡನ್ನೂ ತಿರುಗಿಸುವುದು ಅದೇ ಬೆಲ್ಟು. ಲಕ್ಷ ಕಿಲೋಮೀಟರಿಗೆ ಒಮ್ಮೆ ಬದಲಾಯಿಸಲೇಬೇಕು. ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತವೆ. ನಮ್ಮದರಿಂದ ಇಳಿದ ಬೆಲ್ಟನ್ನು ಹಿಂದಕ್ಕೆ ಮಡಚಿದರೆ ಹಲ್ಲುಗಳ ಬುಡದಲ್ಲಿ ಸೀಳು ಬಾಯಿ ಬಿಡುತ್ತಿತ್ತು. ಎಷ್ಟು ದಿನ ಉಳಿದಿತ್ತೋ ದೇವರೇ ಬಲ್ಲ. ನೀವು ಸೆಕೆಂಡ್ ಹ್ಯಾಂಡ್ ಕ್ವಾಲಿಸ್ ತಗೊಂಡರೆ ಮಾರಿದವರ ಮಾತು ಕೇಳಬೇಡಿ. ಮೊದಲ ವಾರವೇ ಬೆಲ್ಟ್ ಬದಲಾಯಿಸಿ.

ನಾಝಲ್‌ಗಳನ್ನು ಟೆಸ್ಟ್ ಮಾಡಿಸಿ ಹಾಕಿದ್ದಾಯಿತು. ಹೀಟರ್ ಪ್ಲಗ್‌ಗಳಲ್ಲಿ ಎರಡು ಸತ್ತಿದ್ದವು, ನಾಲ್ಕನ್ನೂ ಬದಲಿಸಿದೆ. ಹಿಂದಿನ ಚಕ್ರದ ಮೇಲಿನ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದಿದ್ದಾರೆ, ಪೇಂಟ್ ಬಾಕಿ.

ಸ್ಟಾರ್ಟ್ ಮಾಡಿದ್ದು ಮಳೆ ಬಿಟ್ಟ ಒಂದು ಮಧ್ಯಾಹ್ನ. ಮೊದಲು ಇಂಜೆಕ್ಟರ್ ಪೈಪು ಸಡಿಲ ಬಿಟ್ಟು ಗಾಳಿ ತೆಗೆದೆವು. ಡ್ಯಾಶ್‌ಬೋರ್ಡಿನಲ್ಲಿ ಹೀಟರ್ ಪ್ಲಗ್‌ನ ಸುರುಳಿ ದೀಪ ಆರಿದ ಮೇಲೆ ಕೀ ತಿರುಗಿಸಿದರೆ ಸ್ವಲ್ಪ ಬಿಳಿ ಹೊಗೆ ಬಿಟ್ಟು, ಆಮೇಲೆ ಅದೇ ಹಳೇ ಕಟಕಟ ಶಬ್ದ. ಮುಳ್ಳು ಅರ್ಧಕ್ಕೆ ಸ್ವಲ್ಪ ಕೆಳಗೆ ಬಂದು ಅಲ್ಲೇ ನಿಂತಿತು. ಅರ್ಧ ಗಂಟೆ ಐಡ್ಲಿಂಗ್‌ನಲ್ಲಿ ಬಿಟ್ಟರೂ ಅಲ್ಲಾಡಲಿಲ್ಲ. ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೋಡಿದೆ. ಕೂಲೆಂಟ್ ಕೆಂಪಗೇ ಇದೆ, ಎಣ್ಣೆ ತೇಲುತ್ತಿಲ್ಲ.

ಇನ್ನು ಉಳಿದದ್ದು ಹಿಂದಿನ ಲೀಫ್ ಸ್ಪ್ರಿಂಗ್ ಬುಷ್, ಮುಂದಿನ ಬಾಲ್ ಜಾಯಿಂಟ್, ಬ್ರೇಕ್ ಪೈಪು, ಸೀಟಿನ ಬಟ್ಟೆ. ಎ.ಸಿ. ಈ ವರ್ಷ ಆಗುವುದಿಲ್ಲ, ದುಡ್ಡಿಲ್ಲ. ಬ್ರೇಕ್ ಮುಗಿದ ಮೇಲೆ ಊರೊಳಗೆ ಸ್ವಲ್ಪ ಓಡಿಸಿ, ಆಮೇಲೆ ಶಿರಾಡಿ ಹತ್ತಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಬೇಕು. ಹಿಂದಿನ ಡಿಕ್ಕಿ ಬಾಗಿಲಿನ ಒರಿಜಿನಲ್ ರಬ್ಬರ್ ಬೀಡಿಂಗ್ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಲೋಕಲ್ ಬೀಡಿಂಗ್ ಬೇಡ. ಹಾಕಿ ನೋಡಿಯಾಯಿತು, ಬಾಗಿಲೇ ಮುಚ್ಚುವುದಿಲ್ಲ.