ಒಬ್ಬರಿಗೆ ಬರೆದದ್ದು 180 ಮಂದಿಗೆ

ಆಟಿ ತಿಂಗಳು ಅಂದರೆ ಉಡುಪಿಯಲ್ಲಿ ಮಳೆ, ಕರೆಂಟಿಲ್ಲದ ಹೊತ್ತು, ಮತ್ತೆ ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ನಮ್ಮದೊಂದು ಸಣ್ಣ ಹವ್ಯಾಸಿ ಸಂಘ. ಸದಸ್ಯರು 180 ಮಂದಿ, ಅರ್ಧಕ್ಕರ್ಧ ಮುಂಬೈ, ದುಬೈ ಅಂತ ಚದುರಿದವರು. ವಾಟ್ಸಾಪ್‌ನಲ್ಲಿ ಕೂಟದ ದಿನ ತಿಳಿಸಿದರೆ ಗುಡ್ ಮಾರ್ನಿಂಗ್ ಹೂವುಗಳ ಅಡಿಯಲ್ಲಿ ಹೂತುಹೋಗುತ್ತದೆ. ಮೇಲ್ ಕಳಿಸುವ ಅಂತಾಯಿತು. ಕಂಪ್ಯೂಟರ್ ಗೊತ್ತಿರುವವನೆಂದು ಕೆಲಸ ನನ್ನ ತಲೆಗೆ ಬಂತು.

ಸಂಘದ ವೆಬ್‌ಸೈಟಿನ ಹೋಸ್ಟಿಂಗ್‌ನಲ್ಲೇ ಅದನ್ನು ನೋಡಿಕೊಳ್ಳುವ ಸಿಪ್ಯಾನೆಲ್ ಇತ್ತು, ಅದರೊಳಗೆ ಮೇಲಿಂಗ್ ಲಿಸ್ಟ್ (ಒಂದೇ ವಿಳಾಸಕ್ಕೆ ಬರೆದರೆ ಎಲ್ಲರಿಗೂ ಮೇಲ್ ಮುಟ್ಟಿಸುವ ವ್ಯವಸ್ಥೆ) ನಡೆಸುವ ಮೇಲ್‌ಮ್ಯಾನ್. ಹೆಸರು, ಪಾಸ್‌ವರ್ಡ್ ಕೊಟ್ಟೆ. ವಿಳಾಸಗಳನ್ನು ಅಂಟಿಸಿದೆ. ಹತ್ತು ನಿಮಿಷದ ಕೆಲಸ. ರಿಪ್ಲೈ ಯಾರಿಗೆ ಹೋಗಬೇಕು ಅನ್ನುವಲ್ಲಿ 'ಬರೆದವರಿಗೆ' ಅಂತ ಮೊದಲೇ ಗುರುತು ಇತ್ತು. ಎಲ್ಲರೂ ಮಾತಾಡಿದರೆ ಚಂದ ಅಲ್ವಾ ಅಂತ ನಾನೇ ಅದನ್ನು 'ಲಿಸ್ಟಿಗೆ' ಮಾಡಿದೆ. ಸುಮ್ನೆ ಇರಬಹುದಿತ್ತು.

ಶುಕ್ರವಾರ ಮೊದಲ ಪ್ರಕಟಣೆ ಹೋಯಿತು. ಭಾನುವಾರ ಬೆಳಿಗ್ಗೆ ಖಜಾಂಚಿಯವರು ನನಗೊಬ್ಬನಿಗೇ ಅಂದುಕೊಂಡು ರಿಪ್ಲೈ ಒತ್ತಿದರು: "ಹೋದ ಸಲ ಆ ಅರ್ಥಧಾರಿಗೆ ಕೊಟ್ಟದ್ದು ಜಾಸ್ತಿ ಆಯ್ತು ಮಾರಾಯ. ಈ ಸಲ ಸ್ವಲ್ಪ ಇಳಿಸುವ." 180 ಮಂದಿಗೂ ಹೋಯಿತು. ಅರ್ಥಧಾರಿ, ಅಂದರೆ ಕೂಟದಲ್ಲಿ ಪಾತ್ರದ ಮಾತಾಡುವವರು, ಅವರೂ ನಮ್ಮ ಸದಸ್ಯರೇ.

ಅಷ್ಟಕ್ಕೇ ಮುಗಿಯಲಿಲ್ಲ. ದುಬೈಯ ಒಬ್ಬರು ಹಿಂದಿನ ದಿನವಷ್ಟೇ ರಜೆಯಲ್ಲಿ ಊರಿಗೆ ಹೊರಟಿದ್ದರು. ಅವರ ಆಫೀಸಿನ ಮೇಲ್ "ನಾನು ರಜೆಯಲ್ಲಿದ್ದೇನೆ" ಅಂತ ತಾನಾಗಿ ಉತ್ತರಿಸಿತು. ಅದು ಲಿಸ್ಟಿಗೆ, ಲಿಸ್ಟಿನಿಂದ ಎಲ್ಲರಿಗೆ, ತಿರುಗಿ ಅವರಿಗೂ. ಅದಕ್ಕೂ ಮತ್ತೊಂದು ಉತ್ತರ! ಲಿಸ್ಟಿನಿಂದ ಬಂದ ಮೇಲ್ ಅಂತ ತಿಳಿಸುವ ಗುರುತು ಅದರ ಹೆಡರಿನಲ್ಲಿ ಇರುತ್ತದೆ. ಸರಿಯಾದ ಆಟೋ ರಿಪ್ಲೈ ಅದನ್ನು ನೋಡಿ ಬಾಯಿ ಮುಚ್ಚಿಕೊಳ್ಳಬೇಕು. ಇದಕ್ಕೆ ಅಷ್ಟು ಮರ್ಯಾದೆ ಇರಲಿಲ್ಲ.

ಕಾಪಾಡಿದ್ದು ನಾನು ದಿನಾ ಬೈಯುತ್ತಿದ್ದ ಹೋಸ್ಟಿಂಗ್ ಮಿತಿ. ನಮ್ಮ ಪ್ಲಾನಿನಲ್ಲಿ ಗಂಟೆಗೆ 500 ಮೇಲ್ ಮಾತ್ರ. ಖಜಾಂಚಿಯವರದ್ದೊಂದು, ರಜೆಯದ್ದು ಎರಡು, ಅಲ್ಲಿಗೇ 540. ಉಳಿದದ್ದು ಸಾಲಿನಲ್ಲಿ ನಿಂತಿತು. ಗಂಟೆ ಕಳೆದರೆ ಮತ್ತೆ ಶುರು. ಮನೆಯಲ್ಲಿ ಕರೆಂಟಿಲ್ಲ. ಫೋನಿನ ಸಣ್ಣ ಪರದೆಯಲ್ಲೇ ಮೇಲ್‌ಮ್ಯಾನ್ ತೆರೆದು ಆ ದುಬೈ ವಿಳಾಸ ತೆಗೆದೆ, ರಿಪ್ಲೈಯನ್ನು 'ಬರೆದವರಿಗೆ' ಮಾಡಿದೆ, ಎಲ್ಲ ಸದಸ್ಯರಿಗೂ ಮಾಡರೇಶನ್ ಹಾಕಿದೆ. ಇನ್ನು ನಾನು ಬಿಟ್ಟರೆ ಮಾತ್ರ ಮೇಲ್ ದಾಟುತ್ತದೆ. ಮರುದಿನ ನೋಡಿದರೆ 14 ಮೇಲ್ ಕಾಯುತ್ತಾ ಕೂತಿದ್ದವು. ಹನ್ನೊಂದರಲ್ಲಿ "ನನ್ನ ಹೆಸರು ತೆಗೀರಿ". ಉಳಿದ ಮೂರರಲ್ಲಿ, ಅರ್ಥಧಾರಿಗೆ ಎಷ್ಟು ಕೊಟ್ಟದ್ದು ಅನ್ನುವ ಪ್ರಶ್ನೆ.

ಆಮೇಲೊಂದು ಯಾಹೂ ತಕರಾರು. ಮುಂಬೈಯ ಹಿರಿಯರೊಬ್ಬರು ಯಾಹೂ ವಿಳಾಸದಿಂದ ಬರೆದ ಮೇಲನ್ನು ನಾನು ಲಿಸ್ಟಿಗೆ ಬಿಟ್ಟರೂ ಜಿಮೇಲ್‌ನವರಿಗೆ ತಲುಪಲಿಲ್ಲ. ತನ್ನ ವಿಳಾಸ ಹೊತ್ತು ಬೇರೆ ಸರ್ವರಿನಿಂದ ಬರುವ ಮೇಲನ್ನು ತಿರಸ್ಕರಿಸಿ ಅಂತ ಯಾಹೂ 2014ರಿಂದಲೇ ಎಲ್ಲರಿಗೂ ಹೇಳಿಟ್ಟಿದೆಯಂತೆ. ನಮ್ಮ ಲಿಸ್ಟಿನದ್ದೂ ಬೇರೆ ಸರ್ವರೇ ತಾನೆ. ಕಳಿಸಿದವರ ಜಾಗದಲ್ಲಿ ಲಿಸ್ಟಿನ ವಿಳಾಸವೇ ಕಾಣುವ ಹಾಗೆ ಬದಲಿಸಿದ ಮೇಲೆ ಸರಿಯಾಯಿತು.

ಕೂಟದ ದಿನ ಅರ್ಥಧಾರಿಯವರು ಬಂದರು. ನಕ್ಕರು, ಚಾ ಕುಡಿದರು, ಏನೂ ಹೇಳಲಿಲ್ಲ. ಸಂಧಾನಕ್ಕೆ ಬಂದ ಕೃಷ್ಣನಾಗಿ ಅರ್ಥಕ್ಕೆ ಕೂತವರು ನಡುವೆ ಸ್ವರ ಇಳಿಸಿದರು. "ಕೌರವಾ, ಗುಟ್ಟಿನಲ್ಲಿ ಒಬ್ಬನಿಗೆ ಆಡಿದ ಮಾತು ಇಡೀ ಸಭೆಗೇ ತಲುಪುವ ಕಾಲವಯ್ಯಾ ಇದು!"

ಖಜಾಂಚಿಯವರು ಎದ್ದು ಚಾದ ಪಾತ್ರೆ ನೋಡಲು ಹೋದರು.